ಮತ್ತೆ ಯಾಕೆ ಹೋದೆ ಅಂದರೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಿನ್ನ ಮಗ ಕೇಳಿದ, ‘ಅಜ್ಜ, ಜನ ಯಾಕೆ ದೇಶ ಬಿಟ್ಟು ಹೋಗ್ತಾರೆ?’ ಶಾಲೆಯ ಹೋಮ್‌ವರ್ಕ್ ಅಂತೆ. ‘ದುಡ್ಡಿಗೆ’ ಅಂದುಬಿಟ್ಟೆ. ನೀನು ಪಕ್ಕದಿಂದ, ‘ಯುದ್ಧದಿಂದ ಪಾರಾಗಿ ಬಂದವರು ಮತ್ತೆ ಕುವೈತಿಗೇ ಯಾಕೆ ಹೋದಿರಿ?’ ಅಂದೆ. ಆಗ ಬಾಯಿಗೆ ಮಾತು ಬರಲಿಲ್ಲ.

1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಗಲ್ಫ್‌ನಲ್ಲಿ ರಸ್ತೆ, ಬಂದರು, ಕಟ್ಟಡದ ಕೆಲಸ ಜೋರಾಯಿತು. ಅಲ್ಲಿಯ ಜನ ಅದಕ್ಕೆ ಸಾಲರು. ನಮ್ಮ ಉಡುಪಿ ಕಡೆಯ ಹುಡುಗರು ಮುಂಬೈ ಹೋಟೆಲುಗಳಲ್ಲಿ ಇದ್ದೇ ಇದ್ದೆವಲ್ಲ, ಏಜೆಂಟರೂ ಅಲ್ಲೇ ಇದ್ದರು. ನನ್ನ ವೀಸಾಕ್ಕೆ ನಿನ್ನಜ್ಜಿಯ ಬಳೆ ಅಡವಿಟ್ಟೆವು. ಅದೂ ಸಾಕಾಗದೆ ಬಡ್ಡಿಗೆ ಸಾಲ ತಂದೆವು. ನೀನು ಹುಟ್ಟುವ ಮೊದಲೇ, 1989ರಲ್ಲಿ ಕುವೈತಿಗೆ ಹೋದೆ. ಪಾಸ್‌ಪೋರ್ಟ್ ಕಫೀಲ್ ಇಟ್ಟುಕೊಂಡ. ಕಫೀಲ್ ಅಂದರೆ ನಮ್ಮನ್ನು ಕರೆಸಿಕೊಂಡ ಧಣಿ. ಅವನು ಒಪ್ಪದೆ ಆಗ ಬೇರೆ ಕೆಲಸ ಹಿಡಿಯುವಂತಿರಲಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿತು. ಬಸ್ಸಿನಲ್ಲಿ ಬಾಗ್ದಾದ್, ಆಮೇಲೆ ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆ, ನೀರಿಗೆ ಸಾಲು. ಅಮ್ಮಾನಿನಿಂದ ಏರ್ ಇಂಡಿಯಾ ಮುಂಬೈಗೆ ತಂದಿಳಿಸಿತು. ಹಾಗೆ ವಾಪಸ್ ಬಂದವರು ಸುಮಾರು 1.7 ಲಕ್ಷ ಜನ. ಕಥೆ ಹೇಳುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ.

ನಾನು ಮನೆಗೆ ಬಂದಾಗ ನೀನು ಹನ್ನೊಂದು ತಿಂಗಳ ಕೂಸು, ನನ್ನ ಮುಖ ಕಂಡು ಕಿರುಚಿದೆ. ಮೊದಲ ವಾರ ಊರವರೆಲ್ಲ ನೋಡಲು ಬಂದರು. ಎರಡನೇ ವಾರ ಸಾಲ ಕೊಟ್ಟವರು ಬಂದರು. ಒಳ್ಳೆಯವರೇ ಪಾಪ, ಕಾಫಿ ಕುಡಿದು ಸುಮ್ನೆ ಜಗಲಿಯಲ್ಲಿ ಕೂತರು, ಏನೂ ಕೇಳಲಿಲ್ಲ. ಯುದ್ಧ ಅಂತ ಬಡ್ಡಿ ನಿಲ್ಲುತ್ತದಾ? ಜೇಬಿನ ದಿನಾರಿಗೆ ಬೆಲೆಯೇ ಇರಲಿಲ್ಲ. ವಿಶ್ವಸಂಸ್ಥೆಯ ಪರಿಹಾರ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷ ಕಳೆದ ಮೇಲೆ. 1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾಯಿತು. ಮರುವರ್ಷ ರೂಮಿನ ಗೆಳೆಯನ ಪತ್ರ ಬಂತು: ‘ಮೆಸ್ ಮತ್ತೆ ಶುರುವಾಗಿದೆ, ಬಾ.’ ಆ ಸಂಜೆಯೇ ಟ್ರಂಕು ಕೆಳಗಿಳಿಸಿದೆ. ನಿನ್ನ ಅಮ್ಮ ಮೂರು ದಿನ ಮಾತಾಡಲಿಲ್ಲ. ‘ಸಾಲ ತೀರಿದ ಕೂಡಲೇ ಬರ್ತೇನೆ’ ಅಂದೆ.

ಟೊರಾಂಟೊಗೆ ಓದಲು ಹೊರಟಾಗ ಬ್ಯಾಂಕ್ ಲೋನಿನ ಕಾಗದಕ್ಕೆ ಸಹಿ ಹಾಕುತ್ತಾ ನೀನೂ ಇದೇ ಮಾತು ಹೇಳಿದ್ದೆ, ನೆನಪಿದೆಯಾ? ಆ ಲೋನ್ ತೀರಿ ಈಗ ಒಂಬತ್ತು ವರ್ಷ. ದೂರು ಅಲ್ಲ ಮಗಾ, ನಾನು ಬಂದಿದ್ದೂ ಇಪ್ಪತ್ತು ವರ್ಷದ ಮೇಲೆ.

ಇಷ್ಟೆಲ್ಲ ಅವನ ಹೋಮ್‌ವರ್ಕಿಗೆ ಹಿಡಿಯುವುದಿಲ್ಲ. ಬಡ್ಡಿ ಅಂದರೆ ಏನು ಅಂತ ಮಾತ್ರ ಹೇಳಿಕೊಡು, ಉಳಿದದ್ದು ಅವನೇ ಬರೆಯಲಿ.

ನಿನ್ನ
ಅಪ್ಪ