ಮೊದಲು ಮಕ್ಕಳು ಮಾತಾಡಲಿ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರ.

ನಾನು 9 ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೇನೆ, ಅತಿಥಿ ಉಪನ್ಯಾಸಕಿಯಾಗಿ. ಹೆದರಬೇಡಿ, ಇದು ಸಂಬಳದ ಅರ್ಜಿ ಅಲ್ಲ. ಅದಕ್ಕೆ ಬೇರೆ ಪತ್ರ ಬರೆದಿದ್ದೇವೆ, ಇನ್ನೂ ಬರೆಯುತ್ತೇವೆ. ಇವತ್ತು ನಾನು ಕೇಳುತ್ತಿರುವುದು 15 ನಿಮಿಷ. ನನಗಲ್ಲ, ನಮ್ಮ ಮಕ್ಕಳಿಗೆ.

ಬಿಎ, ಬಿಎಸ್‌ಸಿ, ಬಿಕಾಂ ಓದುವ ಹುಡುಗ ಹುಡುಗಿಯರು ತಾವೇ ಏನನ್ನಾದರೂ ಹುಡುಕಿ, ಅಳೆದು, ಎಣಿಸಿಕೊಂಡು ಬಂದಾಗ ಅದನ್ನು ಹೇಳಲು 10 ನಿಮಿಷ. ಕೂತವರು ಪ್ರಶ್ನೆ ಕೇಳಲು 5 ನಿಮಿಷ. ಮಕ್ಕಳ ಸಂಶೋಧನೆಯ ದಿನ ಮೊದಲು ಮಕ್ಕಳು ಮಾತಾಡಲಿ, ಭಾಷಣ ಆಮೇಲೆ ಇರಲಿ ಎಂದು ಇಲಾಖೆಯಿಂದ ಒಂದು ಸುತ್ತೋಲೆ ಕಳಿಸಿ. ಇಷ್ಟೇ ನನ್ನ ಬೇಡಿಕೆ.

ಇದನ್ನು ನಾಲ್ಕು ವರ್ಷದ ಹಿಂದೆಯೇ ಬರೆಯಬೇಕಿತ್ತು. ಪ್ರತಿ ಸಲ "ಮುಂದಿನ ವರ್ಷ ಸರಿಹೋಗುತ್ತೆ" ಅಂದುಕೊಂಡು ಸುಮ್ಮನಾದೆ. ಕಳೆದ ಫೆಬ್ರವರಿಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ನಮ್ಮಲ್ಲಿ ಕೊನೆಯ ವರ್ಷದ ಬಿಎಸ್‌ಸಿ ಓದುತ್ತಿದ್ದ ಒಬ್ಬ ಹುಡುಗಿ. ಮನೆಯವರು ಹುಚ್ಚೆಳ್ಳು ಬೆಳೆಯುತ್ತಾರೆ. ಹುಚ್ಚೆಳ್ಳು ಗಿಡ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಜೇನು ತಂದು ಮುಟ್ಟಿಸಬೇಕು. ಇದು ಪುಸ್ತಕದಲ್ಲಿದೆ. ಅವಳಿಗೆ ಬೇಕಾಗಿದ್ದು ಬೇರೆ. ತಮ್ಮ ಹೊಲಕ್ಕೆ ಯಾವ ಜೇನು ಬರುತ್ತದೆ, ಯಾವ ಹೊತ್ತಿಗೆ ಜಾಸ್ತಿ ಬರುತ್ತದೆ? ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹೂ ಬಿಟ್ಟಾಗಿನಿಂದ 42 ದಿನ, ಬೆಳಿಗ್ಗೆ ಕಾಲೇಜಿಗೆ ಬರುವ ಮುಂಚೆ ಮತ್ತು ಸಂಜೆ ಹೋದ ಮೇಲೆ, ರಜೆ ಇದ್ದರೆ ಇಡೀ ದಿನ, ಒಂದು ಚದರ ಮೀಟರ್ ಜಾಗದ ಮುಂದೆ ಕೂತು ಎಣಿಸಿದಳು. ತುಡುವೆ ಎಷ್ಟು, ಕೋಲುಜೇನು ಎಷ್ಟು, ಹೆಜ್ಜೇನು ಎಷ್ಟು. ಕೆಲವು ಹೂಗಳಿಗೆ ಮೊಗ್ಗಿದ್ದಾಗಲೇ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ ಜೇನು ಬರದ ಹಾಗೆ ಮಾಡಿದಳು. ಕೊಯ್ಲಾದ ಮೇಲೆ ಎರಡೂ ಬಗೆಯ ಹೂಗಳ ಕಾಳು ಬಿಡಿಸಿ ನೋಡಿದೆವು. ಬಟ್ಟೆ ಕಟ್ಟಿದ್ದರಲ್ಲಿ ಮುಕ್ಕಾಲು ಪಾಲು ಜೊಳ್ಳು. ಅವಳು ಕಾಳು ಎಣಿಸುತ್ತಾ ರಾತ್ರಿ ನನಗೆ ಫೋನ್ ಮಾಡಿದ್ದಳು. ಆ ದನಿಯಲ್ಲಿದ್ದ ಖುಷಿಯನ್ನು ನಾನು ಯಾವ ಪರೀಕ್ಷೆಯ ಫಲಿತಾಂಶದ ದಿನವೂ ಕೇಳಿಲ್ಲ, ಸರ್.

ಫೆಬ್ರವರಿಯಲ್ಲಿ ಇನ್ನೊಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ವಿಚಾರ ಸಂಕಿರಣ ಇತ್ತು. ಕಾಲೇಜಿನ ಹೆಸರು ಬೇಡ, ಇದು ಒಂದೇ ಕಾಲೇಜಿನ ಕಥೆ ಅಲ್ಲ. ಆಹ್ವಾನ ಪತ್ರಿಕೆಯಲ್ಲಿ 14 ಗಣ್ಯರ ಹೆಸರಿತ್ತು. ಮಂಡಿಸಲು ಬಂದ 23 ಮಕ್ಕಳಲ್ಲಿ ಒಬ್ಬರ ಹೆಸರೂ ಇರಲಿಲ್ಲ. "ಮಧ್ಯಾಹ್ನ: ವಿದ್ಯಾರ್ಥಿಗಳಿಂದ ಪ್ರಬಂಧ ಮಂಡನೆ" ಎಂದು ಒಂದು ಸಾಲು, ಅಷ್ಟೇ.

10 ಗಂಟೆಗೆ ಶುರುವಾಗಬೇಕಿದ್ದದ್ದು ಮುಖ್ಯ ಅತಿಥಿಗಳು ಬಂದ ಮೇಲೆ, 11:40ಕ್ಕೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಹಾರ, ಶಾಲು, ನೆನಪಿನ ಕಾಣಿಕೆ. ಒಬ್ಬರಾದ ಮೇಲೆ ಒಬ್ಬರು "ಯುವಕರು ಸಂಶೋಧನೆಯಲ್ಲಿ ತೊಡಗಬೇಕು" ಎಂದರು. ತೊಡಗಿದವರು ಹಿಂದಿನ ಸಾಲಿನಲ್ಲಿ ಪೆನ್‌ಡ್ರೈವ್ ಹಿಡಿದು ಕೂತಿದ್ದರು. ಊಟ ಮುಗಿದಾಗ 3 ಗಂಟೆ. ಅತಿಥಿಗಳೆಲ್ಲ ಹೊರಟಿದ್ದರು. ಒಬ್ಬೊಬ್ಬರಿಗೆ 2 ನಿಮಿಷ ಎಂದು ಘೋಷಿಸಿದರು.

ನಮ್ಮ ಹುಡುಗಿಯ ಸರದಿ 4 ಗಂಟೆಯ ಹೊತ್ತಿಗೆ ಬಂತು. ಅವಳ ಅಮ್ಮ ಕೂಲಿ ಬಿಟ್ಟು, ಬೆಳಿಗ್ಗೆಯ ಬಸ್ಸಿಗೇ ಬಂದು ಕೂತಿದ್ದರು. ನಾಲ್ಕನೇ ಸ್ಲೈಡ್‌ಗೆ ಮೈಕ್ ತೆಗೆದುಕೊಂಡರು. "ಟೈಮಾಯ್ತಮ್ಮ, ಸರ್ಟಿಫಿಕೇಟ್ ತಗೊಂಡು ಈ ಕಡೆ ಬಾ." ಐದನೇ ಸ್ಲೈಡ್‌ನಲ್ಲಿತ್ತು ಅವಳು ಕಂಡುಕೊಂಡದ್ದು: ದಿನದ ಯಾವ ಹೊತ್ತಿನಲ್ಲಿ ಜೇನು ಅತಿ ಹೆಚ್ಚು, ಆ ಹೊತ್ತಿನಲ್ಲಿ ಪಕ್ಕದ ಹೊಲದವರು ಯಾಕೆ ಔಷಧಿ ಹೊಡೆಯಬಾರದು ಅನ್ನುವುದು. 42 ದಿನ ಕೂತಿದ್ದೇ ಅದಕ್ಕೆ. ಅದನ್ನು ಹೇಳಲಿಕ್ಕೇ ಬಿಡಲಿಲ್ಲ. ಕೆಳಗೆ ಬಂದಾಗ ಅಮ್ಮ ಕೇಳಿದರು: "ನೀ ಹೇಳೋದು ಮುಗೀಲಿಲ್ಲ ಅಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ.

ಇಷ್ಟಕ್ಕೇ ಮುಗಿಯಲಿಲ್ಲ. ಗೇಟಿನ ಹತ್ತಿರ ಬೇರೆ ಕಾಲೇಜಿನ ಹಿರಿಯ ಮೇಷ್ಟ್ರು ಒಬ್ಬರು ಬಸ್ಸಿಗೆ ಓಡುತ್ತಾ ನನ್ನನ್ನು ನಿಲ್ಲಿಸಿದರು. "ನಿಮ್ಮ ಹುಡುಗಿ ಕೆಲಸ ಚೆನ್ನಾಗಿದೆ. ಆದರೆ ಬಟ್ಟೆ ಕಟ್ಟಿದರೆ ಬಿಸಿಲೂ ಗಾಳಿಯೂ ಕಮ್ಮಿ ಆಗುತ್ತಲ್ಲ? ಜೊಳ್ಳಾಗಿದ್ದು ಜೇನು ಬರದೆಯೋ, ನೆರಳಿಗೋ? ಜೇನು ಒಳಗೆ ಹೋಗುವ ಹಾಗೆ ಒಂದು ಕಡೆ ಬಾಯಿ ಬಿಟ್ಟ ಬಟ್ಟೆಯನ್ನೂ ಕೆಲವಕ್ಕೆ ಕಟ್ಟಿ ನೋಡಬೇಕಿತ್ತು" ಎಂದರು. ನನಗೆ ಮೈ ಜುಂ ಅಂದಿತು. ನಾನೂ ಅದನ್ನು ಯೋಚಿಸಿರಲಿಲ್ಲ. ಸಂಶೋಧನೆ ಮಂಡಿಸುವುದು ಇಂಥ ಪ್ರಶ್ನೆಗಾಗಿಯೇ ಅಲ್ವಾ? ನಮ್ಮ ಕಣ್ಣಿಗೆ ಬೀಳದ್ದನ್ನು ಇನ್ನೊಬ್ಬರು ತೋರಿಸಲಿ ಅಂತ. ಆ ಪ್ರಶ್ನೆಯನ್ನು ಸಭೆಯಲ್ಲಿ, ಎಲ್ಲ 23 ಮಕ್ಕಳ ಎದುರು ಕೇಳಬೇಕಿತ್ತು. ಕೇಳಲು 5 ನಿಮಿಷ ಇರಲಿಲ್ಲ. ಶಾಲು ಹೊದಿಸಲು ಮಾತ್ರ 40 ನಿಮಿಷ ಸಿಕ್ಕಿತು.

ಆ ಕಾರ್ಯಕ್ರಮದ ಫೋಟೋಗಳು ಆಮೇಲೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಹೋಗುವ ಕಡತ ಸೇರಿದವು. ಅಲ್ಲಿ ಸಂಶೋಧನೆಯನ್ನೂ ಅಳೆಯುತ್ತಾರೆ. ನಿಮಗೆ ಗೊತ್ತಿರುವ ವಿಷಯ. ಮಕ್ಕಳ ಕೆಲಸ ಕಾಲೇಜಿನ ಅಂಕಕ್ಕೆ ಬೇಕು, ಕಾಲೇಜಿನ ಕಿವಿಗೆ ಬೇಡ. ಇದು ಅನ್ಯಾಯ ಸರ್.

ಡಿಗ್ರಿ ಮಕ್ಕಳದ್ದು ಎಂಥ ಸಂಶೋಧನೆ ಅನ್ನುವವರಿದ್ದಾರೆ. ಅವರಿಗೆ ಹೇಳುತ್ತೇನೆ. ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡಿದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇನ್ನೂ ಪದವಿ ಓದುತ್ತಿದ್ದಾಗಲೇ, 1929ರಲ್ಲಿ, ಅವರ ಲೇಖನ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತ್ತು. ನೊಬೆಲ್ ಬಂದದ್ದು 1983ರಲ್ಲಿ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಖಚಿತವಾಗಿ, ಬೇಗ ಹೇಳುವ ವಿಧಾನ 2002ರಲ್ಲಿ ಇಡೀ ಗಣಿತಲೋಕದಲ್ಲಿ ಸುದ್ದಿಯಾಯಿತಲ್ಲ, ಅದರ ಬೇರು ಇದ್ದದ್ದು ಕಾನ್ಪುರ ಐಐಟಿಯ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರ ಬಿಟೆಕ್ ಪ್ರಾಜೆಕ್ಟ್‌ನಲ್ಲಿ. ಅವರ ಗುರು ಮಣೀಂದ್ರ ಅಗ್ರವಾಲ್ ಆ ಹುಡುಗರ ಮಾತು ಕೂತು ಕೇಳಿರಬೇಕು. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿಯೇ ರಾಷ್ಟ್ರೀಯ ಸಂಶೋಧನಾ ಸಮ್ಮೇಳನ 1987ರಿಂದ ನಡೆಯುತ್ತಿದೆ. ನಮ್ಮ ಮಕ್ಕಳೆಲ್ಲ ಚಂದ್ರಶೇಖರ್ ಆಗುತ್ತಾರೆ ಅಂತಲ್ಲ. ಆಗಬೇಕಾಗಿಯೂ ಇಲ್ಲ. ಹುಚ್ಚೆಳ್ಳು ಹೊಲದ ಲೆಕ್ಕವೂ ಲೆಕ್ಕವೇ.

ನಾಲ್ಕು ವರ್ಷದ ಡಿಗ್ರಿ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. 2021ರಲ್ಲಿ ಆಗಿನ ಸರ್ಕಾರ ತಂದಿತು, 2024ರಲ್ಲಿ ಮತ್ತೆ ಮೂರು ವರ್ಷ ಆಯಿತು. ಎರಡು ಕಡೆಯ ಕಾರಣವೂ ನಿಮಗೆ ಗೊತ್ತು. ಆದರೆ ಒಂದು ಮಾತು. ಯುಜಿಸಿ ನಿಯಮದಲ್ಲಿ ಸಂಶೋಧನೆಗೆ ದೊಡ್ಡ ಜಾಗ ಇದ್ದದ್ದು ಆ ನಾಲ್ಕನೇ ವರ್ಷದಲ್ಲಿ, ಅದೂ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ತೆಗೆದವರಿಗೆ. ಆ ವರ್ಷ ಹೋದ ಮೇಲೆ ಉಳಿದದ್ದು ಮೂರು ವರ್ಷದೊಳಗಿನ ಪುಟ್ಟ ಪ್ರಾಜೆಕ್ಟ್‌ಗಳು, ಇಂಥ ಸಂಕಿರಣಗಳು. ಅದನ್ನಾದರೂ ಕಾಪಾಡಬೇಡವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕು ಎಂದರೆ ನಮ್ಮ ಮಕ್ಕಳು ಹಿಂಜರಿಯುತ್ತಾರೆ. "ನಂಗೆ ಮಾತಾಡೋಕೆ ಬರಲ್ಲ ಮೇಡಂ" ಅನ್ನುತ್ತಾರೆ. ಬರುತ್ತದೆ. ನಾವು ಮೈಕ್ ಕಿತ್ತುಕೊಳ್ಳುತ್ತಿದ್ದೇವೆ.

ಈ ಮಕ್ಕಳಿಗೆ ಮಾರ್ಗದರ್ಶನ ಮಾಡುವ ಹೊತ್ತು ನನ್ನ ಕಾರ್ಯಭಾರದಲ್ಲಿ ಸೇರಿಲ್ಲ. ಸೇರಿಸಿದರೆ ಸಂತೋಷ. ಸೇರಿಸದಿದ್ದರೂ ಮಾಡುತ್ತೇನೆ. ಆದರೆ 15 ನಿಮಿಷ ಕೊಡಿ. ಹೊಸ ಕಟ್ಟಡ ಬೇಡ, ಅನುದಾನ ಬೇಡ. ಒಂದು ಹಾಳೆಯ ಸುತ್ತೋಲೆ ಸಾಕು. ಆಹ್ವಾನ ಪತ್ರಿಕೆಯಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರು ಮತ್ತು ವಿಷಯ ಇರಲಿ. ಹೇಳಲು 10, ಪ್ರಶ್ನೆಗೆ 5. ಉದ್ಘಾಟನೆಗೆ ಬಂದವರು ಕನಿಷ್ಠ ಮೂರು ಮಕ್ಕಳ ಮಾತು ಕೇಳಿಯೇ ಹೋಗಲಿ. ನೀವೇ ಯಾವತ್ತಾದರೂ ಅಂಥ ಸಭೆಗೆ ಬಂದರೆ, ದಯವಿಟ್ಟು ಭಾಷಣ ಮಾಡದೆ ಮೊದಲ ಸಾಲಿನಲ್ಲಿ ಕೂತು ಒಂದು ಪ್ರಶ್ನೆ ಕೇಳಿ. ಆ ಮಗು ಅದನ್ನು ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತದೆ.

ಆ ಹುಡುಗಿ ಡಿಗ್ರಿ ಮುಗಿಸಿ ಈಗ ಮನೆಯಲ್ಲಿದ್ದಾಳೆ. ಹೋದ ವಾರ ಫೋನ್ ಮಾಡಿದ್ದಳು. ಗೇಟಿನಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಯನ್ನು ನಾನು ಅವತ್ತೇ ಅವಳಿಗೆ ತಲುಪಿಸಿದ್ದೆ. ಹುಚ್ಚೆಳ್ಳು ಮತ್ತೆ ಹೂ ಬಿಟ್ಟಿದೆಯಂತೆ. ಈ ಸಲ ಒಂದು ಕಡೆ ಬಾಯಿ ಬಿಟ್ಟ ಬಟ್ಟೆಯನ್ನೂ ಕಟ್ಟಿದ್ದಾಳಂತೆ. "ಲೆಕ್ಕ ಎಲ್ಲ ಬರೀತಿದ್ದೀನಿ ಮೇಡಂ. ಎಲ್ಲಿ ಹೇಳ್ಲಿ?" ಎಂದು ಕೇಳಿದಳು.

ಮುಂದಿನ ಸಂಕಿರಣ ಫೆಬ್ರವರಿಯಲ್ಲಿದೆ. ಹಳೆಯ ವಿದ್ಯಾರ್ಥಿನಿಯಾದರೂ ಅವಳನ್ನು ಕರೆಸುತ್ತೇನೆ. ಅಷ್ಟರೊಳಗೆ ಸುತ್ತೋಲೆ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕಿ