ಅಲ್ಲೂ ಅವತ್ತು ಹಿರಿಯರ ಹಬ್ಬ

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಮಮ್ಮ ನಿನ್ನೆ ಫೋನ್ ಮಾಡಿ ತುಂಬಾ ಬೇಜಾರು ಮಾಡಿಕೊಂಡಳು. ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಎಡೆ ಇಡುವಾಗ ನೀನು ಕಾಂಬೋಡಿಯಾದಲ್ಲಿ ಇರುತ್ತೀಯಂತೆ. ರಜೆ ಅದೇ ವಾರ ಸಿಕ್ಕಿತು, ಟಿಕೆಟ್ಟೂ ಆಗಿಹೋಗಿದೆ ಅಂದಳು. ಹೋಗಿಬರಲಿ ಬಿಡು, ಅವಳು ಹೋಗುವ ಊರಲ್ಲೂ ಅವತ್ತು ಹಿರಿಯರ ಹಬ್ಬವೇ ಅಂದೆ. ಅವಳು ನಂಬಲಿಲ್ಲ. ನಿನಗೂ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಲ್ಲಿ ಅದನ್ನು ಪ್ಚುಮ್ ಬೆನ್ ಅನ್ನುತ್ತಾರೆ. ಹುಣ್ಣಿಮೆ ಕಳೆದ ಮೇಲೆ ಅಮಾವಾಸ್ಯೆವರೆಗೆ 15 ದಿನ. ನಮ್ಮ ಪಿತೃಪಕ್ಷದ ಲೆಕ್ಕವೇ. 'ಬೆನ್' ಅನ್ನುವುದು ಪಿಂಡ ಅನ್ನುವ ಮಾತಿನಿಂದಲೇ ಹುಟ್ಟಿದ್ದು. ಈ ದಿನಗಳಲ್ಲಿ ಹಸಿದ ಹಿರಿಯರು ಭೂಮಿಗೆ ಬರುತ್ತಾರೆ, ಏಳು ಬೌದ್ಧ ವಿಹಾರಗಳನ್ನು ಸುತ್ತಿ ತಮ್ಮವರು ಇಟ್ಟ ಅನ್ನ ಹುಡುಕುತ್ತಾರೆ, ಎಲ್ಲೂ ಸಿಗದಿದ್ದರೆ ನೊಂದು ಶಪಿಸಿ ಹೋಗುತ್ತಾರೆ ಅಂತ ಅವರ ನಂಬಿಕೆ. ಬೆಳಕು ಹರಿಯುವ ಮೊದಲೇ ಜನ ವಿಹಾರದ ಸುತ್ತ ನಡೆಯುತ್ತಾ, ಎಳ್ಳು ಬೆರೆಸಿದ ಅಂಟು ಅನ್ನದ ಉಂಡೆಗಳನ್ನು ನೆಲಕ್ಕೆ ಹಾಕುತ್ತಾರೆ. ಎಂಟು ವರ್ಷದ ಹಿಂದೆ ನಾನೂ ದೊಡ್ಡಪ್ಪನೂ ಅಲ್ಲಿನ ಹಳೆಯ ಗುಡಿಗಳ ಊರು ಸಿಯೆಮ್ ರೀಪ್‌ಗೆ ಹೋಗಿದ್ದು ಇದೇ ದಿನಗಳಲ್ಲಿ. ಕತ್ತಲಲ್ಲಿ ಬಿಳಿ ಬಟ್ಟೆ ಉಟ್ಟ ಹೆಂಗಸರು ಕ್ಯಾರಿಯರ್ ಹಿಡಿದು ಸಾಲಾಗಿ ಬರುತ್ತಿದ್ದರು. ಅಡುಗೆಯ ಡಬ್ಬಿ ಒಂದರ ಮೇಲೊಂದು ಕೂರಿಸಿದ, ನಮ್ಮ ಮನೆಯದರ ಥರದ್ದೇ ಕ್ಯಾರಿಯರ್. ನನಗೆ ಅಲ್ಲೇ ಕಣ್ಣು ತುಂಬಿತು.

ನಿನ್ನ ತಾತನ ತಮ್ಮನ ಕಥೆ ನಿನಗೆ ಗೊತ್ತಲ್ಲ. ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋದವರು ತಿರುಗಿ ಬರಲಿಲ್ಲ. ತೀರಿಹೋದ ದಿನ ಯಾವುದು ಅಂತ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯೇ ದಿನ. ಅದಕ್ಕೇ ನಮ್ಮ ಎಡೆಯಲ್ಲಿ ವಡೆ ಪಾಯಸದ ಜೊತೆ ಅವರಿಗೆ ಅಂತ ಒಂದು ಕಟ್ಟು ಬೀಡಿ ಇರುತ್ತದೆ. ಈಗ ಯೋಚನೆ ಮಾಡು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಪೋಲ್ ಪಾಟ್‌ನ ಖಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಪಡೆ ಆಳಿತು. ಆ ನಾಲ್ಕು ವರ್ಷಗಳಲ್ಲಿ ಹಸಿವು, ಕಾಯಿಲೆ, ಕೊಲೆಯಿಂದ ಸತ್ತವರು 15ರಿಂದ 20 ಲಕ್ಷ. ಎಷ್ಟೋ ಮನೆಗಳಲ್ಲಿ ಅಪ್ಪ ಎಲ್ಲಿ ಸತ್ತ, ಯಾವತ್ತು ಸತ್ತ ಅಂತ ಇವತ್ತಿಗೂ ತಿಳಿಯದು. ವಿಹಾರದಲ್ಲಿ ಭಿಕ್ಷುಗಳು ಸತ್ತವರ ಹೆಸರು ಓದುವಾಗ ಆ ಜನ ತಲೆ ತಗ್ಗಿಸಿ ಕೂತಿರುತ್ತಾರೆ. ನಮಗೆ ಒಬ್ಬ ಚಿಕ್ಕತಾತ. ಅವರಿಗೆ ಮನೆ ಮನೆಯಲ್ಲೂ ಅಂಥವರು.

ಅಲ್ಲಿ ಫೋಟೋ ತೆಗೆಯಲು ಫೋನ್ ಎತ್ತಬೇಡ ಪುಟ್ಟಿ. ನಾನು ಎತ್ತಿದ್ದೆ. ಒಬ್ಬ ಅಜ್ಜಿ ಕೈ ಮುಗಿದು ಕಣ್ಣು ಮುಚ್ಚಿದ್ದರು, ಚೆನ್ನಾಗಿದೆ ಅಂತ ಫೋಟೋ ತೆಗೆದೆ. ಕ್ಲಿಕ್ ಅಂದ ಸದ್ದಿಗೆ ಅವರು ಕಣ್ಣು ಬಿಟ್ಟು ಮುಖ ಆಚೆ ತಿರುಗಿಸಿದರು. ನಮ್ಮ ಎಡೆಯ ಮುಂದೆ ಯಾರೋ ಬಂದು ಹಾಗೆ ಮಾಡಿದ್ದರೆ ನಾನು ಸುಮ್ನೆ ಇರುತ್ತಿದ್ದೆನಾ? ಆ ಫೋಟೋ ಅಳಿಸಿದೆ. ಅವರ ಮುಖ ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸಿಯೆಮ್ ರೀಪ್ ಪಕ್ಕದ ದೊಡ್ಡ ಗುಡಿ ಅಂಗ್‌ಕೋರ್ ವಾಟ್‌ನಲ್ಲಿ ಪೂರ್ವದ ಮೊಗಸಾಲೆಯ ಗೋಡೆಗೆ ಸಮುದ್ರ ಮಥನ ಕೆತ್ತಿದ್ದಾರೆ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು. ಪಶ್ಚಿಮದ ಗೋಡೆಯಲ್ಲಿ ಕುರುಕ್ಷೇತ್ರ, ಬಾಣದ ಮೇಲೆ ಮಲಗಿದ ಭೀಷ್ಮ. ಅದನ್ನೆಲ್ಲ ಕಂಡ ಖುಷಿಯಲ್ಲಿ ನಾನು ಗೈಡ್ ಹುಡುಗನಿಗೆ, ಇದೆಲ್ಲ ನಮ್ಮವರೇ ಕಟ್ಟಿದ್ದಲ್ವಾ ಅಂದೆ. ಅವನು ಮೆಲ್ಲಗೆ, ಇಲ್ಲಮ್ಮ, ನಮ್ಮ ತಾತಂದಿರು ಕಟ್ಟಿದ್ದು ಅಂದ. ಅವನ ಮಾತೇ ಸರಿ. ಕಟ್ಟಿಸಿದವನು ಖಮೇರ್ ರಾಜ ಎರಡನೇ ಸೂರ್ಯವರ್ಮ. ಕಲ್ಲು ಅವರ ಕುಲೆನ್ ಬೆಟ್ಟದ್ದು, ಕಾಲುವೆ ತೋಡಿ ನೀರಿನ ಮೇಲೆ ತಂದದ್ದು, ಕೆತ್ತಿದ ಕೈ ಅಲ್ಲಿನ ಜನರದು. ಇಲ್ಲಿ ನಮ್ಮ ವಿಷ್ಣುವರ್ಧನ 1117ರಲ್ಲಿ ಬೇಲೂರಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದಾಗ ಅಲ್ಲಿ ಆಳುತ್ತಿದ್ದವನು ಅದೇ ಸೂರ್ಯವರ್ಮ. ಕಥೆ ಕಡಲು ದಾಟಿ ಹೋಗಿರಬಹುದು. ಆ ಗುಡಿ ಮಾತ್ರ ಅವರದು. ಬೇಲೂರಿಗೆ ಬಂದ ಹೊರಗಿನವರು ಇದು ನಮ್ಮದು ಅಂದರೆ ನಿನಗೆ ಹೇಗಾಗುತ್ತದೆ? ನೀನು ಅಲ್ಲಿ ಇನ್ನೊಬ್ಬರ ಮನೆಗೆ, ಅದೂ ಹಿರಿಯರನ್ನು ನೆನೆಯುವ ದಿನ, ಹೋಗುವ ನೆಂಟಳು. ಅದು ಮನಸ್ಸಿನಲ್ಲಿರಲಿ. ಈಗ ಅದು ಬುದ್ಧನ ಗುಡಿ, ಇವತ್ತಿಗೂ ಪೂಜೆ ನಡೆಯುವ ಜಾಗ.

ಒಂದೇ ದಿನಕ್ಕೆ ಎಲ್ಲ ಮುಗಿಸಲು ಹೋಗಬೇಡ. ಅಂಗ್‌ಕೋರ್ ಗುಡಿಗಳನ್ನು ನೋಡಲು ಒಂದು ದಿನದ ಪಾಸ್‌ಗೆ 37 ಡಾಲರ್, ಮೂರು ದಿನದ್ದಕ್ಕೆ 62. ಮೂರು ದಿನದ್ದನ್ನೇ ತಗೋ, ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಆಗ ಒಂದು ಗೋಡೆಯ ಮುಂದೆ ಅರ್ಧ ದಿನ ಕೂತರೂ ದುಡ್ಡು ಹೋಯಿತು ಅನ್ನಿಸುವುದಿಲ್ಲ. ಅಂಗ್‌ಕೋರ್ ವಾಟ್‌ನ ತುದಿಯ ಅಂತಸ್ತು, ಬಾಕನ್ ಅನ್ನುತ್ತಾರೆ, ಬೌದ್ಧರ ಪುಣ್ಯದಿನಗಳಲ್ಲಿ ಮುಚ್ಚಿರುತ್ತದೆ. ಅಮಾವಾಸ್ಯೆಯೂ ಅಂಥ ದಿನವೇ, ಅವತ್ತು ಅಲ್ಲಿಗೆ ಹೋಗದೆ ವಿಹಾರಕ್ಕೆ ಹೋಗು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೋ. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ, ಕೊಡುವುದೇನಿದ್ದರೂ ಅವರ ಮುಂದೆ ಇಡು. ಮಳೆಗಾಲ, ಕೊಡೆ ಮರೆಯಬೇಡ. ಊಟದ ವಿಷಯ ನಿನಗೆ ಹೇಳಬೇಕಾಗಿಲ್ಲ, ಏನು ಕೊಟ್ಟರೂ ತಿನ್ನುವವಳು ನೀನು. ಯಾರಾದರೂ ಬಾಳೆ ಎಲೆಯಲ್ಲಿ ಸುತ್ತಿದ ಅನ್ಸೊಮ್, ಅಂದರೆ ಅಂಟು ಅಕ್ಕಿಯ ಕಡುಬು, ಕೊಟ್ಟರೆ ಎರಡೂ ಕೈಯಲ್ಲಿ ತಗೋ.

ಚಿಕ್ಕತಾತನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ವಿಹಾರದಲ್ಲಿ ಹೆಸರು ಬರೆದುಕೊಳ್ಳುವವರನ್ನು, ಇದನ್ನೂ ಸೇರಿಸಬಹುದಾ ಅಂತ ಕೇಳಿ ನೋಡು. ಆಗುವುದಿಲ್ಲ ಅಂದರೆ ಕೈ ಮುಗಿದು ಬಾ. ಎಡೆಯ ದಿನ ನಾನೇ ನಿಮ್ಮ ಮನೆಗೆ ಹೋಗುತ್ತೇನೆ, ನಿನ್ನ ಪಾಲಿನ ಹೂವನ್ನೂ ಬೀಡಿ ಕಟ್ಟನ್ನೂ ನಾನೇ ಇಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ