ಸ್ಕೈರಿಮ್ ಮಾಡ್ ಪಟ್ಟಿಯ ಬದಲಾವಣೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

2011ರ ಮೂಲ ಸ್ಕೈರಿಮ್ ವಿಡಿಯೊ ಗೇಮ್‌ಗಾಗಿ ನಾವು ನಿರ್ವಹಿಸುತ್ತಿದ್ದ ಮಾಡ್‌ಗಳ (ಆಟವನ್ನು ಬದಲಿಸಲು ಆಡುವವರೇ ಬರೆಯುವ ಸೇರ್ಪಡೆಗಳ) ಪಟ್ಟಿಯನ್ನು ಬರುವ ಭಾನುವಾರ ರಾತ್ರಿ ನಿಲ್ಲಿಸಿ, ಅದೇ ಆಟದ 64 ಬಿಟ್ ರೂಪವಾದ 2016ರ ಸ್ಪೆಷಲ್ ಎಡಿಷನ್‌ನ ಪಟ್ಟಿಯೊಂದನ್ನೇ ಮುಂದುವರಿಸಲಾಗುವುದು. 32 ಬಿಟ್‌ನ ಹಳೆಯ ಆಟಕ್ಕೆ ಹೊಸ ಮಾಡ್ ಬರೆಯುವವರು ಈಗ ವಿರಳ. ಅದನ್ನೇ ಆಡುವವರು ಅಷ್ಟರೊಳಗೆ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಅದರ ಮಾಡ್‌ಗಳನ್ನು ಸ್ಪೆಷಲ್ ಎಡಿಷನ್‌ಗೆ ನೇರವಾಗಿ ಹಾಕಬಾರದು.

ಸ್ಪೆಷಲ್ ಎಡಿಷನ್ ಆಡುವವರೂ ಗಮನಿಸಬೇಕು. 2021ರ ನವೆಂಬರ್‌ನಲ್ಲಿ ಆನಿವರ್ಸರಿ ಎಡಿಷನ್ ಜೊತೆ ಬಂದ ಅಪ್‌ಡೇಟ್‌ನಿಂದಲೂ, 2023ರ ಡಿಸೆಂಬರ್‌ನಲ್ಲಿ ಹಣ ಕೊಟ್ಟು ಕೊಳ್ಳುವ ಮಾಡ್‌ಗಳಿಗೆ ಆಟದೊಳಗೇ ಜಾಗ ಮಾಡಿಕೊಟ್ಟ ಅಪ್‌ಡೇಟ್‌ನಿಂದಲೂ, ಸ್ಕ್ರಿಪ್ಟ್ ಎಕ್ಸ್‌ಟೆಂಡರ್ (ಮಾಡ್‌ಗಳಿಗೆ ಹೆಚ್ಚಿನ ಸಾಮರ್ಥ್ಯ ಕೊಡುವ, ಆಟದ ನಿರ್ದಿಷ್ಟ ಆವೃತ್ತಿಗಷ್ಟೇ ಹೊಂದುವ ಪೂರಕ ತಂತ್ರಾಂಶ) ಅವಲಂಬಿಸಿದ ಅನೇಕ ಮಾಡ್‌ಗಳು ತಮ್ಮ ಹೊಸ ಆವೃತ್ತಿ ಬರುವವರೆಗೆ ನಿಂತುಹೋಗಿದ್ದವು. ಆದ್ದರಿಂದ ಆಟಗಳನ್ನು ಮಾರಿ ಅಪ್‌ಡೇಟ್ ಒದಗಿಸುವ ಸ್ಟೀಮ್‌ನಲ್ಲಿ, ಅಲ್ಲಿಂದ ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗುವ ಆಯ್ಕೆಯನ್ನು ಇಟ್ಟುಕೊಂಡು, ಆಟವನ್ನು ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಮೂಲಕವೇ ತೆರೆಯಿರಿ; ಆಗ ಅದು ತಾನಾಗಿ ಅಪ್‌ಡೇಟ್ ಆಗದು. ಆಟದ ಫೋಲ್ಡರ್ ಹಾಗೂ ಸೇವ್ ಫೈಲ್‌ಗಳ ಪ್ರತಿಯೊಂದನ್ನು ಬೇರೆ ಡ್ರೈವ್‌ನಲ್ಲಿಡಿ.

ನೀವು ಬಳಸುತ್ತಿರುವ ಆವೃತ್ತಿಯ ಪೂರ್ಣ ಸಂಖ್ಯೆಯನ್ನು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಹೊಸ ಪಟ್ಟಿಯನ್ನು ಹೆಚ್ಚು ಮಂದಿ ಬಳಸುವ ಆವೃತ್ತಿಗೆ ಹೊಂದಿಸಲಾಗುವುದು.